ಸಕ್ರಮ ಆದವನು ಒಳ್ಳೆಯವನಾ?

ಡಿಸೆಂಬರ್ 3ಕ್ಕೆ ನಮ್ಮ ಉತ್ತರ ಕನ್ನಡದ ಚಂದಾವರದಲ್ಲಿ ಸಂತ ಫ್ರಾನ್ಸಿಸ್ ಝೇವಿಯರ್ ಫೆಸ್ತ್. ಇಗರ್ಜಿ, ಅಂದರೆ ಚರ್ಚು, ನಮ್ಮದಾದರೂ ಹಬ್ಬ ಎಲ್ಲರದ್ದು. ಮೇಣದ ಬತ್ತಿ ಹಿಡಿದು ಸಾಲಿನಲ್ಲಿ ನಿಂತವರಲ್ಲಿ ಯಾರು ಕ್ರೈಸ್ತರು, ಯಾರು ಅಲ್ಲ ಅಂತ ನೋಡಿ ಹೇಳಲು ಆಗುವುದಿಲ್ಲ. ಹೋದ ಸಲ ಶಿರಸಿಯಿಂದ ನನ್ನ ಹಳೆಯ ಗೆಳೆಯನೂ ಬಂದಿದ್ದ. ಅಡಿಕೆ ತೋಟದವನು. ಕಾಲೇಜಿನಲ್ಲಿ ನಾವಿಬ್ಬರೂ ಒಂದೇ ಬೆಂಚು. ಗದ್ದಲದಿಂದ ಆಚೆ ಬಂದು ಚಾ ಕುಡಿಯುವಾಗ ಸೀದಾ ಕೇಳಿಯೇಬಿಟ್ಟ:

“ನಿಮ್ಮಲ್ಲಿ ಯೇಸುವನ್ನ ನಂಬಿದ್ರೆ ಸಾಕಂತಲ್ಲ, ಹೌದನಾ? ಹಂಗಾದ್ರೆ ಕೊಲೆ ಮಾಡಿದವನೂ ನಂಬಿದ ಅಂದ್ರೆ ಪಾಸು. ಜೀವಮಾನವಿಡೀ ಯಾರಿಗೂ ಕೇಡು ಬಗೆಯದ ನಮ್ಮ ಅಪ್ಪಯ್ಯ ಫೇಲು. ಇದೆಂತ ನ್ಯಾಯ ಮಾರಾಯ?”

ಚಾ ಮುಗಿಯುವುದರೊಳಗೆ ನಾನು ಕೊಟ್ಟ ಉತ್ತರ ಏನೇನೂ ಸರಿಯಿರಲಿಲ್ಲ. ಅವನಿಗೂ ಗೊತ್ತಾಯಿತು, ನನಗೂ. ಕಾರವಾರಕ್ಕೆ ವಾಪಸ್ ಬರುವ ಬಸ್ಸಿನಲ್ಲಿ ಪೂರ್ತಿ ಅದೇ ತಲೆಯಲ್ಲಿ ಸುತ್ತುತ್ತಿತ್ತು. ಆಗ ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇನೆ.

ಅಪ್ಪಯ್ಯನ ವಿಷಯ ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಅದು ನಿಜವಾಗಿ ಬೇರೆಯೇ ಪ್ರಶ್ನೆ. ನಮ್ಮ ಕಥೋಲಿಕ ಸಭೆ 1964ರಲ್ಲಿ, ಎರಡನೇ ವ್ಯಾಟಿಕನ್ ಮಹಾಸಭೆಯಲ್ಲಿ, ಒಂದು ಮಾತು ಬರೆದಿಟ್ಟಿದೆ. ತಮ್ಮ ತಪ್ಪಿಲ್ಲದೆ ಕ್ರಿಸ್ತನನ್ನು ಅರಿಯದೆ ಉಳಿದವರು, ಪ್ರಾಮಾಣಿಕ ಮನಸ್ಸಿನಿಂದ ದೇವರನ್ನು ಹುಡುಕಿ ಅಂತಃಸಾಕ್ಷಿಯಂತೆ ನಡೆದರೆ, ಅವರಿಗೂ ರಕ್ಷಣೆ, ಅಂದರೆ ಮೋಕ್ಷ, ಸಿಗಬಹುದು ಅಂತ. ಇದನ್ನು ಒಪ್ಪದ ಕ್ರೈಸ್ತ ಪಂಗಡಗಳೂ ಇವೆ. ಆದರೆ “ಬೇರೆಯವರೆಲ್ಲ ಫೇಲು” ಅನ್ನುವುದು ಎಲ್ಲ ಕ್ರೈಸ್ತರ ಮಾತಲ್ಲ. ಅಷ್ಟು ಸಾಕು. ಉಳಿದದ್ದು ಪಾಸು-ಫೇಲಿನ ಲೆಕ್ಕ, ಗೋಜಲು ಇರುವುದು ಅಲ್ಲೇ.

ಅರ್ಧ ಗೋಜಲಿಗೆ ಕಾರಣ ಶಬ್ದಗಳು. ಕನ್ನಡ ಬೈಬಲಿನಲ್ಲಿ “ನೀತಿವಂತ” ಅನ್ನುವ ಶಬ್ದ ಬಹಳ ಸಲ ಬರುತ್ತದೆ. ನಮಗೆ ನೀತಿ ಅಂದರೆ ಏನು? ಶಾಲೆಯ ನೀತಿ ಪಾಠ, ಪಂಚತಂತ್ರದ ನೀತಿ, ಚುನಾವಣೆ ಬಂದಾಗ ನೀತಿ ಸಂಹಿತೆ. ನೀತಿವಂತ ಅಂದರೆ ಒಳ್ಳೆಯ ನಡತೆಯವನು, ಮುಗಿಯಿತು. ಹಾಗಾಗಿ “ನಂಬಿಕೆಯಿಂದ ನೀತಿವಂತ” ಅಂತ ಓದಿದಾಗ, ನಡತೆ ಹೇಗಿದ್ದರೂ ನಡತೆಯ ಸರ್ಟಿಫಿಕೇಟು ಕೊಡುತ್ತಾರೆ ಅಂತ ಕೇಳಿಸುತ್ತದೆ. ನನಗೂ ಚಿಕ್ಕವನಿದ್ದಾಗ ಹಾಗೇ ಕೇಳಿಸುತ್ತಿತ್ತು.

ಗ್ರೀಕ್ ಮೂಲದಲ್ಲಿ ಇರುವ ಶಬ್ದ ದಿಕಾಯೊಸೂನೆ. ಅದರಲ್ಲಿ ನೀತಿಯೂ ಇದೆ, ನ್ಯಾಯವೂ ಇದೆ. ಪೌಲ ಕ್ರೈಸ್ತರ ಮೊದಲ ತಲೆಮಾರಿನ ಪ್ರಚಾರಕ, ಅವನು ಬರೆದ ಪತ್ರಗಳು ಬೈಬಲಿನಲ್ಲಿವೆ. ಅವನು ಆ ಪತ್ರಗಳಲ್ಲಿ ಇದೇ ಬೇರಿನ ಕ್ರಿಯಾಪದ ಬಳಸುವಾಗ ಕೋರ್ಟಿನ ವಾಸನೆ ಜಾಸ್ತಿ. ನ್ಯಾಯಾಧೀಶ ಒಬ್ಬನ ಕಡೆ ನೋಡಿ “ನೀನು ಸರಿ, ಹೋಗು” ಅನ್ನುತ್ತಾನಲ್ಲ, ಆ ತೀರ್ಪು. ಅದರ ಹಿಂದೆ ಇನ್ನೂ ಹಳೆಯ ಹೀಬ್ರೂ ಶಬ್ದ ಇದೆ, ತ್ಸೆದಾಕಾ. ಅಲ್ಲಿ ಸಂಬಂಧಕ್ಕೆ ತಕ್ಕ ಹಾಗೆ ನಡೆದುಕೊಳ್ಳುವುದು ಮುಖ್ಯ. ಬೈಬಲಿನ ಮೊದಲ ಪುಸ್ತಕ ಆದಿಕಾಂಡದ 38ನೇ ಅಧ್ಯಾಯದಲ್ಲಿ ತಾಮಾರ್ ಅನ್ನುವ ವಿಧವೆಯ ಕಥೆ ಬರುತ್ತದೆ. ಆ ಕಾಲದ ಪದ್ಧತಿಯಂತೆ ಮಾವ ಯೆಹೂದ ತನ್ನ ಕಿರಿಯ ಮಗನನ್ನು ಅವಳಿಗೆ ಮದುವೆ ಮಾಡಿಕೊಡಬೇಕಿತ್ತು, ಮಾಡುವುದಿಲ್ಲ. ಅವಳು ಮುಸುಕು ಹಾಕಿಕೊಂಡು, ವೇಶ್ಯೆಯ ಹಾಗೆ ದಾರಿಯಲ್ಲಿ ಕೂತು, ಅದೇ ಮಾವನಿಂದ ಗರ್ಭಿಣಿಯಾಗುತ್ತಾಳೆ. ಸತ್ಯ ಹೊರಬಿದ್ದಾಗ ಯೆಹೂದನೇ ಒಪ್ಪಿಕೊಳ್ಳುತ್ತಾನೆ, ಇವಳು ನನಗಿಂತ ನೀತಿವಂತಳು ಅಂತ. ನಮ್ಮ ನೀತಿ ಪಾಠದ ಪುಸ್ತಕಕ್ಕೆ ಈ ಕಥೆ ಸೇರುವುದಿಲ್ಲ ಬಿಡಿ. ಆದರೆ ಆ ಮನೆತನಕ್ಕೆ ಸಲ್ಲಬೇಕಾದದ್ದನ್ನು ಬಿಟ್ಟುಕೊಡದವಳು ಅವಳೇ. ಅದಕ್ಕೇ ಅವಳಿಗೆ ಆ ಶಬ್ದ.

ನಮ್ಮ ಜಿಲ್ಲೆಯವರಿಗೆ ತೀರ್ಪಿನ ಅರ್ಥ ಹೇಳಲು ನನ್ನ ಹತ್ತಿರ ಒಂದು ಶಬ್ದ ಇದೆ: ಸಕ್ರಮ. ಕಾಡಂಚಿನಲ್ಲಿ ಅಜ್ಜನ ಕಾಲದಿಂದ ಒಂದೆಕರೆ ಮಾಡಿಕೊಂಡು ಬಂದವರು ನಮ್ಮಲ್ಲಿ ಊರಿಗೊಬ್ಬರಾದರೂ ಸಿಗುತ್ತಾರೆ. ಕಾಗದದಲ್ಲಿ ಅವರು ಅತಿಕ್ರಮಣದಾರರು. ಗಾರ್ಡ್ ಬೈಕಿನ ಸದ್ದು ಕೇಳಿದರೆ ಎದೆ ಢವ ಅನ್ನುತ್ತದೆ. 2006ರ ಅರಣ್ಯ ಹಕ್ಕು ಕಾಯ್ದೆ ಬಂತು, ಅರ್ಜಿ ಹಾಕಿದರು, ಆದರೆ ಬುಡಕಟ್ಟಿನವರಲ್ಲದವರು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿ ಇದ್ದದ್ದಕ್ಕೆ ಸಾಕ್ಷ್ಯ ತರಬೇಕು. ಎಲ್ಲಿಂದ ತರುವುದು? ಈಗ ಒಂದು ದಿನ ಅಂಥವನ ಕೈಗೆ ಹಕ್ಕುಪತ್ರ ಬಂತು ಅಂತಿಟ್ಟುಕೊಳ್ಳಿ. ಮಣ್ಣು ಅದೇ, ಬೇಲಿ ಅದೇ, ಮನೆಯ ಹಂಚು ಒಂದೂ ಬದಲಾಗಿಲ್ಲ. ಆದರೆ ಆವತ್ತಿನ ರಾತ್ರಿಯ ನಿದ್ದೆಯೇ ಬೇರೆ. ಆವತ್ತಿನಿಂದ ಅವನು ಸಕ್ರಮ. ಅವನು ಒಳ್ಳೆಯವನಾ ಕೆಟ್ಟವನಾ ಅನ್ನುವುದು ಆ ಕಾಗದದಲ್ಲಿ ಬರೆದಿರುವುದಿಲ್ಲ.

ಪೌಲ ಹೇಳುವ “ನೀತಿವಂತನೆಂದು ಎಣಿಸುವುದು” ಇದರ ಹತ್ತಿರ ಬರುತ್ತದೆ. ಪೂರ್ತಿ ಹೊಂದುವುದಿಲ್ಲ, ಎರಡು ಕಡೆ ಹೋಲಿಕೆ ಕೈಕೊಡುತ್ತದೆ. ಹಕ್ಕುಪತ್ರಕ್ಕೆ ನಿಮ್ಮದೇ ದಾಖಲೆ ಬೇಕು. ಪೌಲನ ಪ್ರಕಾರ ದೇವರ ಮುಂದೆ ಯಾರ ದಾಖಲೆಯೂ ನಿಲ್ಲುವುದಿಲ್ಲ, ಯೆಹೂದ್ಯನದ್ದೂ ಇಲ್ಲ, ಗ್ರೀಕನದ್ದೂ ಇಲ್ಲ. ನಡೆಯುವುದು ಇನ್ನೊಬ್ಬನ ದಾಖಲೆಯ ಮೇಲೆ, ಕ್ರಿಸ್ತನ ವಿಧೇಯತೆಯ ಮೇಲೆ. ವಿಧೇಯತೆ ಅಂದ ಕೂಡಲೇ ನಾವು ನಮ್ಮದನ್ನು ಯೋಚಿಸುತ್ತೇವೆ. ಆದರೆ ರೋಮಾಪುರದವರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ, ಒಬ್ಬನ ಅವಿಧೇಯತೆಯಿಂದ ಕೆಟ್ಟದ್ದು ಒಬ್ಬನ ವಿಧೇಯತೆಯಿಂದ ಸರಿಯಾಯಿತು ಅನ್ನುವಾಗ, ಮೊದಲನೆಯವನು ಆದಾಮ, ಆ ಎರಡನೆಯವನು ಯೇಸು. ಇನ್ನೊಂದು, ಹಕ್ಕುಪತ್ರಕ್ಕೆ ಸಹಿ ಹಾಕುವ ಅಧಿಕಾರಿಯ ಜೇಬಿನಿಂದ ಏನೂ ಹೋಗುವುದಿಲ್ಲ. ಇಲ್ಲಿ ಸಹಿ ಹಾಕಿದವನೇ ಬೆಲೆ ತೆತ್ತ ಅನ್ನುವುದು ಕ್ರೈಸ್ತರ ನಂಬಿಕೆ. ಶಿಲುಬೆಯನ್ನು ತೆಗೆದುಬಿಟ್ಟರೆ ಇಡೀ ವ್ಯವಹಾರ ಸುಮ್ನೆ ಕಣ್ಣು ಮುಚ್ಚಿ ಬಿಟ್ಟುಬಿಟ್ಟ ಹಾಗೆ ಆಗುತ್ತದೆ. ಗೆಳೆಯನ “ಇದೆಂತ ನ್ಯಾಯ”ಕ್ಕೆ ಆಗ ಉತ್ತರವೇ ಇರುವುದಿಲ್ಲ.

ಕೃಪೆ ಅನ್ನುವ ಶಬ್ದಕ್ಕೂ ನಮ್ಮಲ್ಲಿ ಒಂದು ಗ್ರಹಚಾರ ಅಂಟಿಕೊಂಡಿದೆ. ಕೃಪಾಂಕ. ಎಸ್ಸೆಸ್ಸೆಲ್ಸಿಯಲ್ಲಿ ಸ್ವಲ್ಪದರಲ್ಲಿ ತಪ್ಪಿದವರನ್ನು ದಾಟಿಸುವ ಅಂಕ. 2024ರಲ್ಲಿ ಅದನ್ನು ಶೇ. 10ರಿಂದ 20ಕ್ಕೆ ಏರಿಸಿದಾಗ ಎಷ್ಟು ಗಲಾಟೆ ಆಗಿತ್ತು ನೆನಪಿರಬಹುದು. ಬಹಳ ಜನ ಕ್ರೈಸ್ತರೇ ಕೃಪೆಯನ್ನು ಹೀಗೆ ತಿಳಿದುಕೊಂಡಿದ್ದಾರೆ: ನಾನು 28 ತೆಗೆದಿದ್ದೇನೆ, ದೇವರು 7 ಕೂಡಿಸಿ ಪಾಸು ಮಾಡುತ್ತಾನೆ. ಆದರೆ ಕೃಪಾಂಕ ಸಿಗಬೇಕಾದರೂ ಅದಕ್ಕೊಂದು ಯೋಗ್ಯತೆ ಬೇಕು, ಗಡಿಯ ಹತ್ತಿರ ಬಂದಿರಬೇಕು. ಪೌಲನ ಕೃಪೆಗೆ ಆ ಗಡಿಯೇ ಇಲ್ಲ. ಅವನ ಕಾಲದ ರೋಮನ್ ಊರುಗಳಲ್ಲಿ ಯಾರಾದರೂ ದಾನ ಕೊಡುವುದಿದ್ದರೆ ಯೋಗ್ಯರನ್ನು ನೋಡಿ ಕೊಡುವುದೇ ಜಾಣತನ ಅನ್ನಿಸಿಕೊಳ್ಳುತ್ತಿತ್ತು. ಕೊಟ್ಟದ್ದು ಮರ್ಯಾದೆಯ ರೂಪದಲ್ಲಾದರೂ ತಿರುಗಿ ಬರಬೇಕಲ್ಲ. ನಮ್ಮ ಮದುವೆ ಮನೆಗಳಲ್ಲಿ ಮುಯ್ಯಿ ಬರೆದಿಟ್ಟುಕೊಳ್ಳುವ ಪುಸ್ತಕ ಇರುತ್ತದಲ್ಲ, ಹೆಚ್ಚುಕಡಿಮೆ ಅದೇ ಲೆಕ್ಕ. ಅಂಥ ಕಡೆ ಕೂತು ಪೌಲ, ಅಯೋಗ್ಯರಿಗೆ, ಶತ್ರುಗಳಾಗಿದ್ದವರಿಗೆ ಕೊಟ್ಟ ದಾನದ ಬಗ್ಗೆ ಬರೆದ. ಕೇಳಿದವರಿಗೆ ತಲೆ ಕೆಟ್ಟಿರಬೇಕು.

(ನಮ್ಮ ಮನೆಯ ಕೊಂಕಣಿಯಲ್ಲಿ ಕೃಪೆಗೆ “ಕುರ್ಪಾ”. ವಿಶ್ವಾಸಕ್ಕೆ “ಭಾವಾರ್ಥ್”. ಕನ್ನಡ ಶಾಲೆಗೆ ಸೇರಿದ ಮೇಲೆ ಪದ್ಯದ ಭಾವಾರ್ಥ ಬರೆಯಿರಿ ಅಂದಾಗ ನಾನು ಪದ್ಯಕ್ಕೂ ದೇವರಿಗೂ ಏನು ಸಂಬಂಧ ಅಂತ ಕಣ್ಣು ಕಣ್ಣು ಬಿಟ್ಟಿದ್ದೆ.)

ಇನ್ನು ನಂಬಿಕೆ. ಇದರಲ್ಲಿ ಮಾತ್ರ ಕನ್ನಡ ನಮ್ಮನ್ನು ಕಾಪಾಡುತ್ತದೆ. ಗ್ರೀಕಿನ ಪಿಸ್ತಿಸ್ ಶಬ್ದಕ್ಕೆ ಎರಡು ಮುಖ: ನಂಬುವುದು, ನಂಬಿಕೆಗೆ ತಕ್ಕವನಾಗಿರುವುದು. ಕನ್ನಡದಲ್ಲೂ “ನನಗೆ ಅವನ ಮೇಲೆ ನಂಬಿಕೆ ಇದೆ” ಅನ್ನುತ್ತೇವೆ, “ಅವನು ನಂಬಿಕೆಯ ಆಳು” ಅಂತಲೂ ಅನ್ನುತ್ತೇವೆ. ದೇವರು ಇದ್ದಾನೆ ಅಂತ ಒಪ್ಪುವುದಷ್ಟೇ ನಂಬಿಕೆ ಆಗಿದ್ದರೆ ದೆವ್ವಗಳೂ ಪಾಸಾಗಬೇಕಿತ್ತು. ಇದು ನನ್ನ ಕುಹಕ ಅಲ್ಲ, ಬೈಬಲಿನಲ್ಲಿರುವ ಯಾಕೋಬನ ಪತ್ರದಲ್ಲೇ ಇದೆ, ದೆವ್ವಗಳೂ ನಂಬುತ್ತವೆ, ನಂಬಿ ನಡುಗುತ್ತವೆ ಅಂತ.

ಈಗ ನಂಬಿಕೆಯೋ ಕ್ರಿಯೆಯೋ ಅನ್ನುವ ಈ ಜಗಳ ಹುಟ್ಟಿದ್ದು ಎಲ್ಲಿ ಅನ್ನುವುದಕ್ಕೆ ಬರೋಣ. ಬಹಳ ಜನಕ್ಕೆ ಗೊತ್ತಿಲ್ಲ, ಅದು ಹುಟ್ಟಿದ್ದು ಊಟದ ಪಂಕ್ತಿಯಲ್ಲಿ. ಅಂತಿಯೋಕ್ಯ ಅನ್ನುವ ಊರಿನಲ್ಲಿ ಯೆಹೂದ್ಯ ಕ್ರೈಸ್ತರು, ಬೇರೆ ಜನಾಂಗದಿಂದ ಬಂದ ಕ್ರೈಸ್ತರು ಒಟ್ಟಿಗೆ ಕೂತು ಉಣ್ಣುತ್ತಿದ್ದರು. ಯೇಸುವಿನ ಹಿರಿಯ ಶಿಷ್ಯ ಪೇತ್ರನೂ ಅವರ ಜೊತೆಗೇ ಕೂರುತ್ತಿದ್ದ. ಜೆರುಸಲೇಮಿನಿಂದ ಅಲ್ಲಿನ ಕ್ರೈಸ್ತರ ಮುಖಂಡ ಯಾಕೋಬನ ಕಡೆಯ ಕೆಲವರು ಬಂದರು ನೋಡಿ, ಪೇತ್ರ ಮೆಲ್ಲಗೆ ಜಾರಿಕೊಂಡ. ಬೇರೆ ಪಂಕ್ತಿಗೆ ಹೋಗಿ ಕೂತ. ಅವನನ್ನು ನೋಡಿ ಉಳಿದ ಯೆಹೂದ್ಯರೂ ಎದ್ದರು. ಪೌಲನಿಗೆ ಉರಿದುಹೋಯಿತು. ಎಲ್ಲರ ಎದುರಿಗೇ ಪೇತ್ರನನ್ನು ತರಾಟೆಗೆ ತೆಗೆದುಕೊಂಡ. ಗಲಾತ್ಯದವರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿ ಈ ಪ್ರಸಂಗ ಇದೆ, ಅದರ ಬೆನ್ನಿಗೇ ಆ ಪ್ರಸಿದ್ಧ ಮಾತು ಬರುತ್ತದೆ: ಧರ್ಮಶಾಸ್ತ್ರದ (ಮೋಶೆ ತಂದ ಯೆಹೂದ್ಯರ ನಿಯಮಗಳ) ಕ್ರಿಯೆಗಳಿಂದ ಯಾರೂ ನೀತಿವಂತರೆಂದು ಎಣಿಸಿಕೊಳ್ಳುವುದಿಲ್ಲ, ಯೇಸು ಕ್ರಿಸ್ತನಲ್ಲಿ ನಂಬಿಕೆಯಿಂದಲೇ.

ಪಂಕ್ತಿಯಲ್ಲಿ ಯಾರ ಪಕ್ಕ ಯಾರು ಕೂರಬಹುದು, ಯಾರಿಗೆ ಎಲ್ಲಿ ಎಲೆ ಹಾಕುತ್ತಾರೆ ಅನ್ನುವುದು ಘಟ್ಟದ ಮೇಲಿನವರಿಗೂ ಕರಾವಳಿಯವರಿಗೂ ಬಿಡಿಸಿ ಹೇಳಬೇಕಾದ ವಿಷಯ ಅಲ್ಲ. ನಮ್ಮ ಕೊಂಕಣಿ ಕ್ರೈಸ್ತರೂ ಹಳೆಯ ಜಾತಿಯನ್ನು ಗಂಟು ಕಟ್ಟಿಕೊಂಡೇ ಇಗರ್ಜಿಯ ಒಳಗೆ ಬಂದವರು, ಬೆರಳು ತೋರಿಸುವ ಯೋಗ್ಯತೆ ನಮಗೂ ಇಲ್ಲ. ಪೌಲ “ಕ್ರಿಯೆ” ಅಂದಾಗ ಅನಾಥರಿಗೆ ಅನ್ನ ಹಾಕುವುದನ್ನು ಬೈಯುತ್ತಿರಲಿಲ್ಲ. ಅವನ ಕಣ್ಣ ಮುಂದೆ ಇದ್ದದ್ದು ಸುನ್ನತಿ, ಊಟದ ನಿಯಮ, ವಾರದ ವಿಶ್ರಾಂತಿಯ ಸಬ್ಬತ್ ದಿನ. ಇವು “ನಾವು ಒಳಗಿನವರು” ಅನ್ನುವುದಕ್ಕೆ ಗುರುತು. ಇ. ಪಿ. ಸ್ಯಾಂಡರ್ಸ್ ಅನ್ನುವ ವಿದ್ವಾಂಸ 1977ರಲ್ಲಿ ಪೌಲನ ಕಾಲದ ಯೆಹೂದ್ಯ ಬರಹಗಳನ್ನು ಜಾಲಾಡಿ ಒಂದು ವಿಷಯ ತೋರಿಸಿದ ಮೇಲೆ ಚರ್ಚೆಯ ದಿಕ್ಕೇ ಬದಲಾಯಿತು. ಯೆಹೂದ್ಯರು ಪುಣ್ಯ ಕೂಡಿಹಾಕಿ ಸ್ವರ್ಗ ಕೊಳ್ಳಲು ಹೊರಟವರಲ್ಲ, ದೇವರು ತಮ್ಮನ್ನು ಮೊದಲೇ ಕೃಪೆಯಿಂದ ಆರಿಸಿದ್ದಾನೆ ಅಂತಲೇ ಅವರೂ ನಂಬಿದ್ದರು ಅನ್ನುವುದು ಅವನ ವಾದ. ಪೌಲನ ಜಗಳದಲ್ಲಿ ಪಂಕ್ತಿಯ ಪಾಲು ದೊಡ್ಡದು ಅಂತ ನನಗೂ ಅನ್ನಿಸುತ್ತದೆ. ಆದರೆ ಅಷ್ಟೇ ಅಂದರೆ ಒಪ್ಪುವುದಿಲ್ಲ, ರೋಮಾಪುರದ ಪತ್ರದ 4ನೇ ಅಧ್ಯಾಯದಲ್ಲಿ ಅವನು ಕೂಲಿಗೂ ದಾನಕ್ಕೂ ಇರುವ ವ್ಯತ್ಯಾಸವನ್ನೇ ಎತ್ತಿ ಹೇಳುತ್ತಾನೆ.

ಅದೇ ಅಧ್ಯಾಯದಲ್ಲಿ ಪೌಲ ಒಂದು ಹಳೆಯ ಕಡತ ತೆಗೆಯುತ್ತಾನೆ. ಯೆಹೂದ್ಯರ ಮೂಲಪುರುಷ ಅಬ್ರಹಾಮನ ಕಡತ. ನನಗೆ ಇದು ಇಡೀ ವಿಷಯದ ಜೀವಾಳ, ಹಾಗಾಗಿ ಸ್ವಲ್ಪ ನಿಧಾನಕ್ಕೆ ನೋಡೋಣ. ಅಬ್ರಹಾಮ ಮನೆ ಬಿಟ್ಟು ಹೊರಟಾಗ ಅವನಿಗೆ 75 ವರ್ಷ. ಆದಿಕಾಂಡ 15ರಲ್ಲಿ ದೇವರು ನಕ್ಷತ್ರ ತೋರಿಸಿ ನಿನ್ನ ಸಂತಾನ ಇಷ್ಟಾಗುತ್ತದೆ ಅನ್ನುತ್ತಾನೆ. ಅಬ್ರಹಾಮ ನಂಬುತ್ತಾನೆ. ಅದು ಅವನ ಲೆಕ್ಕಕ್ಕೆ ನೀತಿ ಎಂದು ಎಣಿಸಲ್ಪಡುತ್ತದೆ. ಆಮೇಲೆ 86ನೇ ವಯಸ್ಸಿಗೆ ಇಷ್ಮಾಯೇಲ ಹುಟ್ಟುತ್ತಾನೆ. ಸುನ್ನತಿ ಆಗುವುದು 17ನೇ ಅಧ್ಯಾಯದಲ್ಲಿ, ಆಗ ಅವನಿಗೆ 99. ಪೌಲ ಕೇಳುವುದು ಇಷ್ಟೇ: ಎಣಿಕೆ ಯಾವಾಗ ಆಯಿತು, ಸುನ್ನತಿಗೆ ಮೊದಲೋ ಆಮೇಲೋ? ಮೊದಲು. ಕನಿಷ್ಠ 13 ವರ್ಷ ಮೊದಲು. ಧರ್ಮಶಾಸ್ತ್ರವನ್ನು ಮೋಶೆ ತರುವುದಂತೂ ಎಷ್ಟೋ ತಲೆಮಾರು ಆದ ಮೇಲೆ. ತಹಶೀಲ್ದಾರ ಕಚೇರಿಯಲ್ಲಿ ತಾರೀಖು ನೋಡಿ ಕೇಸು ಗೆಲ್ಲುವ ವಕೀಲನ ಹಾಗೆ ಪೌಲ ಇಲ್ಲಿ ತಾರೀಖಿನ ಮೇಲೇ ಗೆಲ್ಲುತ್ತಾನೆ.

ತಮಾಷೆ ಅಂದರೆ ಯಾಕೋಬನೂ ಇದೇ ಕಡತ, ಇದೇ ವಾಕ್ಯ ತೆಗೆಯುತ್ತಾನೆ. ತೆಗೆದು ಉಲ್ಟಾ ಹೇಳುತ್ತಾನೆ, ಅಥವಾ ಉಲ್ಟಾ ಹೇಳಿದ ಹಾಗೆ ಕಾಣುತ್ತದೆ. ಅಬ್ರಹಾಮ ನೀತಿವಂತನೆನಿಸಿದ್ದು ಕ್ರಿಯೆಯಿಂದಲ್ಲವೇ, ಮಗ ಇಸಾಕನನ್ನು ಯಜ್ಞವೇದಿಯ ಮೇಲೆ ಮಲಗಿಸಿದಾಗ ಅಲ್ಲವೇ, ಅಂತ. ಆ ಘಟನೆ 22ನೇ ಅಧ್ಯಾಯದ್ದು. ಆಗ ಮಗ ಕಟ್ಟಿಗೆ ಹೊರುವಷ್ಟು ದೊಡ್ಡವನು. ಅಂದರೆ ಪೌಲ ನೋಡುತ್ತಿರುವುದು ಶುರುವಿನ ಪುಟ, ಯಾಕೋಬ ನೋಡುತ್ತಿರುವುದು ಬಹಳ ವರ್ಷ ಆದ ಮೇಲಿನ ಪುಟ. ಆವತ್ತು ನಕ್ಷತ್ರದ ಕೆಳಗೆ ನಂಬಿದ್ದು ನಿಜವೋ ಸುಳ್ಳೋ ಅಂತ 22ನೇ ಅಧ್ಯಾಯದಲ್ಲಿ ಗೊತ್ತಾಯಿತು. ಯಾಕೋಬನ ಎದುರಿಗೆ ಇದ್ದವರೂ ಬೇರೆ. ಉಣ್ಣಲಿಕ್ಕೆ ಇಲ್ಲದವನಿಗೆ “ಬೆಚ್ಚಗಿರು, ಹೊಟ್ಟೆ ತುಂಬ ಉಣ್ಣು” ಅಂತ ಬಾಯಲ್ಲಿ ಹರಸಿ ಕಳಿಸುವವರು. ಅಂಥವರಿಗೆ “ನಂಬಿಕೆ ಸಾಕು” ಅನ್ನುವುದು ಗಾಯದ ಮೇಲೆ ಉಪ್ಪು ಎರಚಿದ ಹಾಗೆ ಆಗುತ್ತದೆ, ಗಾಯ ಹಸಿದವನದ್ದು.

ಇಲ್ಲಿಂದ ಜರ್ಮನಿಗೆ ಹಾರೋಣ. ಮಾರ್ಟಿನ್ ಲೂಥರ್ ಸನ್ಯಾಸಿ. ಉಪವಾಸ ಮಾಡಿ, ಪಾಪನಿವೇದನೆ ಮಾಡಿ ಮಾಡಿ ಸುಸ್ತಾದರೂ ದೇವರ ಮುಂದೆ ನಾನು ಸರಿಯಾದೆನಾ ಅನ್ನುವ ಭಯ ಹೋಗಲಿಲ್ಲ. ಅದೇ ಹೊತ್ತಿಗೆ ರೋಮಿನ ಸಂತ ಪೇತ್ರರ ಇಗರ್ಜಿಯ ಕಟ್ಟಡಕ್ಕಾಗಿ ಪಾಪದಂಡನೆಯ ವಿನಾಯಿತಿ ಪತ್ರಗಳನ್ನು ದುಡ್ಡಿಗೆ ಹಂಚುತ್ತಿದ್ದರು. ನಮ್ಮವರ ಪಾಲಿಗೆ ನಾಚಿಕೆಯ ಅಧ್ಯಾಯ ಅದು. 1517ರಲ್ಲಿ ಲೂಥರ್ ಎದುರು ನಿಂತ. ಪ್ರಾಟೆಸ್ಟೆಂಟರು ಕಥೋಲಿಕರಿಂದ ಬೇರೆಯಾದದ್ದು ಅಲ್ಲಿಂದ. 1522ರಲ್ಲಿ ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಗೆ ತಂದಾಗ “ನಂಬಿಕೆಯಿಂದ” ಅನ್ನುವ ಕಡೆ “ಮಾತ್ರ” ಅನ್ನುವ ಶಬ್ದ ಸೇರಿಸಿದ. ಗ್ರೀಕಿನಲ್ಲಿ ಅಲ್ಲಿ ಆ ಶಬ್ದ ಇಲ್ಲ. “ನಂಬಿಕೆಯಿಂದ ಮಾತ್ರ” ಅನ್ನುವ ಜೋಡಿ ಇಡೀ ಬೈಬಲಿನಲ್ಲಿ ಸಿಗುವುದು ಒಂದೇ ಕಡೆ, ಯಾಕೋಬನ ಪತ್ರದಲ್ಲಿ, ಅದೂ “ಮಾತ್ರ ಅಲ್ಲ” ಅಂತ. ಲೂಥರನಿಗೆ ಆ ಪತ್ರ ಕಂಡರೆ ಆಗುತ್ತಿರಲಿಲ್ಲ, ಒಣ ಹುಲ್ಲಿನ ಪತ್ರ ಅಂದುಬಿಟ್ಟ. ನಾನು ಕಥೋಲಿಕನಾದರೂ ಹೇಳುತ್ತೇನೆ, ಲೂಥರ್ ಎತ್ತಿದ ಪ್ರಶ್ನೆ ಸರಿಯಿತ್ತು. ಯಾಕೋಬನನ್ನು ಹೀಗೆ ಮೂಲೆಗೆ ತಳ್ಳಿದ್ದು ಸರಿಯಿರಲಿಲ್ಲ.

ಕಥೋಲಿಕರು 1547ರಲ್ಲಿ ಟ್ರೆಂಟ್ ಅನ್ನುವ ಊರಿನ ಮಹಾಸಭೆಯಲ್ಲಿ ಉತ್ತರ ಬರೆದರು. ಕೃಪೆಯಿಲ್ಲದೆ ಬರೀ ಸ್ವಂತ ಕ್ರಿಯೆಯಿಂದ ಯಾರೂ ನೀತಿವಂತರಾಗುವುದಿಲ್ಲ ಅನ್ನುವುದೇ ಅದರ ಮೊದಲ ನಿಯಮ. ಇದನ್ನು ಕೇಳಿದರೆ ಬಹಳ ಪ್ರಾಟೆಸ್ಟೆಂಟ್ ಗೆಳೆಯರು ಹೌದಾ ಅಂತ ಹುಬ್ಬೇರಿಸುತ್ತಾರೆ. ಜಗಳ ಇದ್ದದ್ದು ಮುಂದಿನ ಹೆಜ್ಜೆಯಲ್ಲಿ. ದೇವರು ಬರೀ ಹಕ್ಕುಪತ್ರ ಕೊಡುತ್ತಾನಾ, ಅಥವಾ ಮಣ್ಣನ್ನೂ ಹದ ಮಾಡುತ್ತಾನಾ? ಲೂಥರನ ಕಡೆಯವರಿಗೆ ನೀತಿವಂತ ಅಂತ ಎಣಿಸುವುದು ಒಂದು, ಒಳಗಿನಿಂದ ಬದಲಾಗುತ್ತಾ ಹೋಗುವುದು ಇನ್ನೊಂದು, ಎರಡೂ ಬೇಕು, ಆದರೆ ಬೆರೆಸಬೇಡಿ. ಟ್ರೆಂಟ್ ಪ್ರಕಾರ ಎರಡೂ ಒಂದೇ ಕೆಲಸ. ಪ್ರೀತಿ ಹೃದಯಕ್ಕೆ ಸುರಿಯುತ್ತದೆ, ನಾವು ಆ ಕೃಪೆಗೆ ಕೈಜೋಡಿಸುತ್ತೇವೆ, ನೀತಿ ಬೆಳೆಯುತ್ತದೆ.

ಗೆಳೆಯನಿಗೆ ಇದನ್ನು ಹೇಳುವುದು ಸುಲಭ, ಯಾಕೆಂದರೆ ಇದೇ ಚರ್ಚೆ ಶ್ರೀವೈಷ್ಣವರಲ್ಲೂ ನಡೆದಿದೆ. ಬೆಕ್ಕಿನ ಮರಿ ಸುಮ್ನೆ ಇರುತ್ತದೆ, ತಾಯಿಯೇ ಕಚ್ಚಿಕೊಂಡು ಹೋಗುತ್ತದೆ. ಮಂಗನ ಮರಿ ತಾಯಿಯ ಹೊಟ್ಟೆಯನ್ನು ಅವುಚಿ ಹಿಡಿಯಬೇಕು. ಅವರ ಎರಡು ಪಂಗಡಗಳಲ್ಲಿ ತೆಂಗಲೆಯವರು ಬೆಕ್ಕಿನ ಕಡೆ, ವಡಗಲೆಯವರು ಮಂಗನ ಕಡೆ. ಲೂಥರ್ ಹತ್ತಿರಹತ್ತಿರ ಬೆಕ್ಕು, ಟ್ರೆಂಟ್ ಸ್ವಲ್ಪ ಮಂಗ. ಆದರೆ ಮರ ಹಾರುವುದು ಎರಡೂ ಕಡೆ ಮರಿಯಲ್ಲ ಅನ್ನುವುದನ್ನು ಮರೆಯಬಾರದು. ನಮ್ಮ ನಾಡಿನಲ್ಲೂ ಎರಡೂ ಬಂದಿವೆ. ಗೋವೆಯ ಕಡೆಯಿಂದ ಕರಾವಳಿಗೆ ಕಥೋಲಿಕರು, 1834ರಲ್ಲಿ ಮಂಗಳೂರಿಗೆ ಬಂದಿಳಿದು ಆಮೇಲೆ ಧಾರವಾಡ, ಹುಬ್ಬಳ್ಳಿ ಕಡೆ ಹೋದ ಬಾಸೆಲ್ ಮಿಶನ್ನಿನ ಪ್ರಾಟೆಸ್ಟೆಂಟರು. ಎಷ್ಟೋ ಕಾಲ ಪರಸ್ಪರ ಮುಖ ನೋಡಿದ್ದು ಕಮ್ಮಿ.

1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಕಥೋಲಿಕ ಸಭೆ ಮತ್ತು ಲೂಥರನ್ ಒಕ್ಕೂಟ ಒಂದು ಜಂಟಿ ಘೋಷಣೆಗೆ ಸಹಿ ಹಾಕಿದವು. ನಮ್ಮ ಯಾವ ಅರ್ಹತೆಯಿಂದಲೂ ಅಲ್ಲ, ಬರೀ ಕೃಪೆಯಿಂದ, ಕ್ರಿಸ್ತನ ಕಾರ್ಯದಲ್ಲಿ ನಂಬಿಕೆಯಿಂದ ದೇವರು ನಮ್ಮನ್ನು ಸ್ವೀಕರಿಸುತ್ತಾನೆ, ಪವಿತ್ರಾತ್ಮ ನಮ್ಮ ಹೃದಯವನ್ನು ಹೊಸದು ಮಾಡಿ ಒಳ್ಳೆಯ ಕೆಲಸಕ್ಕೆ ಕರೆಯುತ್ತಾನೆ ಅನ್ನುವುದು ಅದರ ತಿರುಳು. 2006ರಲ್ಲಿ ಮೆಥಡಿಸ್ಟರು, 2017ರಲ್ಲಿ ರಿಫಾರ್ಮ್ಡ್ ಸಭೆಗಳ ಒಕ್ಕೂಟವೂ ಸೇರಿಕೊಂಡವು. ಎಲ್ಲ ಮುಗಿಯಿತು ಅಂತಲ್ಲ, ಒಪ್ಪದ ಸಭೆಗಳು ಇನ್ನೂ ಇವೆ.

ಹಾಗಾದರೆ ವಿಧೇಯತೆಗೆ ಜಾಗ ಎಲ್ಲಿ? ಎಫೆಸದವರಿಗೆ ಬರೆದ ಪತ್ರದ 2ನೇ ಅಧ್ಯಾಯ, 8ರಿಂದ 10ನೇ ವಚನ ನೋಡಿ. ರಕ್ಷಣೆ ಕೃಪೆಯಿಂದ, ಕ್ರಿಯೆಗಳಿಂದ ಅಲ್ಲ. ಮುಂದಿನ ಉಸಿರಿಗೇ, ನಾವು ಸೃಷ್ಟಿಯಾದದ್ದು ಒಳ್ಳೆಯ ಕ್ರಿಯೆಗಳಿಗಾಗಿ. ಶಾಲೆಯಲ್ಲಿ ಉ, ಅನ್ನು, ಇಂದ, ಗೆ ಅಂತ ವಿಭಕ್ತಿ ಪ್ರತ್ಯಯ ಬಾಯಿಪಾಠ ಮಾಡಿದ್ದು ಇಲ್ಲಿ ಉಪಯೋಗಕ್ಕೆ ಬಂತು. “ಕ್ರಿಯೆಗಳಿಂದ” ತೃತೀಯಾ. “ಕ್ರಿಯೆಗಳಿಗೆ” ಚತುರ್ಥೀ. ಪೌಲ ಹೊಡೆದು ಹಾಕಿದ್ದು ತೃತೀಯಾವನ್ನು. ಚತುರ್ಥಿಗೆ ಅವನು ಕೈಯನ್ನೇ ಹಚ್ಚಿಲ್ಲ. ರೋಮಾಪುರದ ಪತ್ರವನ್ನಂತೂ ಅವನು ಶುರು ಮಾಡುವುದೂ “ನಂಬಿಕೆಯಿಂದಾಗುವ ವಿಧೇಯತೆ” ಅನ್ನುವ ಮಾತಿನಿಂದ, ಮುಗಿಸುವುದೂ ಅದರಿಂದಲೇ.

ಗೆಳೆಯನ ಕೊಲೆಗಾರನ ಪ್ರಶ್ನೆ ಪೌಲನಿಗೆ ಆಗಲೇ ಎದುರಾಗಿತ್ತು. ಕೃಪೆ ಇನ್ನಷ್ಟು ಬರಲಿ ಅಂತ ಪಾಪ ಇನ್ನಷ್ಟು ಮಾಡೋಣವಾ? ರೋಮಾಪುರದ ಪತ್ರದ 6ನೇ ಅಧ್ಯಾಯದ ಮೊದಲ ಸಾಲೇ ಇದು. ನಮ್ಮ ಭಾಷೆಯಲ್ಲಿ ಹೇಳಬೇಕಾದರೆ, ಹೇಗೂ ಸಕ್ರಮ ಆಗುತ್ತದಲ್ಲ, ಇನ್ನೊಂದೆಕರೆಗೆ ಬೇಲಿ ಹಾಕೋಣ. ಹಾಗೆ ಬೇಲಿ ಹಾಕಿದವರನ್ನು ನಾವು ನೋಡಿಲ್ಲ ಅಂತೇನಿಲ್ಲ. ಪೌಲ ಇದಕ್ಕೆ ಹೊಸ ಕಾನೂನು ಮಾಡುವುದಿಲ್ಲ, ದಂಡ ಹೇಳುವುದಿಲ್ಲ. ನೀವು ಆ ಹಳೆಯ ಮನುಷ್ಯನೇ ಅಲ್ಲವಲ್ಲ, ಸ್ನಾನದೀಕ್ಷೆಯಲ್ಲಿ (ಬ್ಯಾಪ್ಟಿಸಂನಲ್ಲಿ) ಅವನು ಸತ್ತನಲ್ಲ, ಸತ್ತವನು ಬೇಲಿ ಹಾಕುವುದು ಹೇಗೆ ಅಂತ ಕೇಳುತ್ತಾನೆ. ಈ ಉತ್ತರ ನನಗೆ ಬಹಳ ದಿನ ಸಮಾಧಾನ ಕೊಟ್ಟಿರಲಿಲ್ಲ, ದಂಡ ಇದ್ದರೆ ಚೆನ್ನಾಗಿತ್ತು ಅನ್ನಿಸುತ್ತಿತ್ತು. ಕೊಲೆಗಾರ ನಿಜವಾಗಿ ನಂಬಿದರೆ ಅವನಿಗೂ ಬಾಗಿಲು ತೆರೆದಿದೆ, ಅದು ನಿಜ, ಅದನ್ನು ನಾನು ಮೆತ್ತಗೆ ಮಾಡಿ ಹೇಳಲಾರೆ. ಆದರೆ ನಂಬಿದೆ ಅಂತ ಹೇಳಿ ಮತ್ತೆ ಕತ್ತಿ ಮಸೆಯುತ್ತಿದ್ದರೆ ಪೌಲನೂ ಯಾಕೋಬನೂ ಒಂದೇ ದನಿಯಲ್ಲಿ ಕೇಳುತ್ತಾರೆ, ಯಾವುದನ್ನು ನಂಬಿದೆ ಮಾರಾಯ ಅಂತ.

ಇಷ್ಟನ್ನೂ ಹೋದ ವಾರ ಫೋನಿನಲ್ಲಿ ಗೆಳೆಯನಿಗೆ ಹೇಳಿದೆ, ಇಷ್ಟು ಉದ್ದ ಅಲ್ಲ. ಪಂಕ್ತಿಯ ಕಥೆ ಕೇಳಿ ಜೋರಾಗಿ ನಕ್ಕ. ಅಬ್ರಹಾಮನ ತಾರೀಖುಗಳನ್ನು ಎರಡು ಸಲ ಕೇಳಿಕೊಂಡ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಎಲ್ಲ ಸರಿ, ನೀ ಬೆಕ್ಕನಾ ಮಂಗನಾ?” ಅಂದ. ದಿನದ ಮೇಲೆ ಹೋಗುತ್ತದೆ ಅಂದೆ.